ಕೂರುವ ಹಕ್ಕಿಗೆ ನಿಂತೇ ಸನ್ಮಾನ

ಬಹಳ ಹಿಂದೆ, ಎಂದರೆ ನನ್ನ ಪ್ರೊಬೇಷನ್ ಇನ್ನೂ ಮುಗಿಯದಿದ್ದ ಕಾಲದಲ್ಲಿ, ಒಂದು ರಾಜ್ಯವಿತ್ತು. ಅಲ್ಲಿ ನಾನೂ ಒಬ್ಬಳು ಇದ್ದೇನೆಂಬುದು ಬಹಳ ಜನಕ್ಕೆ ಗೊತ್ತಿರಲಿಲ್ಲ. ನನಗಿದ್ದ ಚಿಂತೆ ಅದಲ್ಲ. ಗೊತ್ತಾಗಿಬಿಟ್ಟರೆ ಏನು ಗತಿ ಎಂಬುದು. ಮೀಟಿಂಗಿನಲ್ಲಿ ಯಾರಾದರೂ ‘ನೀವೇನಂತೀರಿ?’ ಎಂದು ನನ್ನ ಕಡೆ ತಿರುಗಿದರೆ ನನ್ನ ಬಾಯಿಂದ ಬರುತ್ತಿದ್ದುದು ಒಂದು ನಗು. ಅದನ್ನವರು ಒಪ್ಪಿಗೆಯೆಂದು ಬರೆದುಕೊಳ್ಳುತ್ತಿದ್ದರು. ಹೀಗೆ ನಾನು ಏನೇನಕ್ಕೆ ಒಪ್ಪಿಕೊಂಡಿದ್ದೆನೋ ದೇವರೇ ಬಲ್ಲ. ಹೇಳಬೇಕಾಗಿದ್ದ ಮಾತುಗಳು ಮನೆಗೆ ಬಂದು ಡೈರಿ ಮುಂದೆ ಕೂತಾಗ ಸಾಲಾಗಿ, ವ್ಯಾಕರಣಶುದ್ಧವಾಗಿ ಬರುತ್ತಿದ್ದವು. ಕೆಲವಕ್ಕೆ ಉಪಮಾಲಂಕಾರವೂ ಇರುತ್ತಿತ್ತು.

ಇಂಥವಳನ್ನು ಆ ರಾಜ್ಯದವರು ಹುಡುಕಿ ತಂದು ಆಸ್ಥಾನ ದುಭಾಷಿಯಾಗಿ ನೇಮಿಸಿಕೊಂಡಿದ್ದರು. ಎರಡು ಭಾಷೆಗಳಲ್ಲಿ ಪದವಿ, ಎರಡರಲ್ಲೂ ಬಾಯಿಲ್ಲ. ಇಂಟರ್‌ವ್ಯೂನಲ್ಲಿ ನನ್ನ ಮೌನವನ್ನು ಕಂಡು ಮಂತ್ರಿಗಳು ‘ಎಕ್ಸಲೆಂಟ್!’ ಎಂದಿದ್ದರು.

ರಾಜ್ಯದ ಹೆಸರು ಜರಿನಾಡು. ನಾಡೆಂದರೆ ಒಂದು ಕಾರ್ಖಾನೆ, ಅದರ ಸುತ್ತ ಒಂದು ಕೋಟೆಗೋಡೆ, ಗೋಡೆಯ ಮೇಲೆ ದೊರೆಯ ಭಾವಚಿತ್ರ. ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಸನ್ಮಾನದ ಶಾಲು. ಪ್ರಪಂಚದಲ್ಲಿ ಯಾರು ಯಾರಿಗೆ ಯಾಕೆ ಸನ್ಮಾನ ಮಾಡಿದರೂ ಶಾಲು ಮಾತ್ರ ಜರಿನಾಡಿನದೇ. ಸಮುದ್ರದಾಚೆಯ ಚಳಿದ್ವೀಪದವರು ಹಡಗುಗಟ್ಟಲೆ ಕೊಳ್ಳುತ್ತಿದ್ದರು. ಅಷ್ಟು ಸನ್ಮಾನಯೋಗ್ಯರು ಆ ದ್ವೀಪದಲ್ಲಿರಬೇಕೆಂದು ದೊರೆ ಅಸೂಯೆಪಡುತ್ತಿದ್ದರು. ದ್ವೀಪದವರು ಆ ಶಾಲುಗಳನ್ನು ಸೋಫಾದ ಮೇಲೆ ಹಾಸುತ್ತಾರೆಂಬ ವಿಷಯವನ್ನು ನಾನು ಅನುವಾದ ಮಾಡಿರಲಿಲ್ಲ.

ರಾಜಾಧಿರಾಜ, ಜರಿಕುಲತಿಲಕ, ವ್ಯವಸ್ಥಾಪಕ ನಿರ್ದೇಶಕ ಶ್ರೀ ಶ್ರೀ ಉತ್ತರೀಯಭೂಷಣ ಮಹಾರಾಜರು ಕೆಟ್ಟವರಲ್ಲ. ಒಮ್ಮೆ ಅವರು ಕುಚ್ಚು ಕಟ್ಟುವ ವಿಭಾಗಕ್ಕೆ ದಿಢೀರನೆ ಬಂದಾಗ ಹೆಂಗಸರೆಲ್ಲ ಗಾಬರಿಯಿಂದ ಎದ್ದುನಿಂತರಂತೆ. ಶಾಲುಗಳು ತೊಡೆಯಿಂದ ಜಾರಿ ನೆಲಕ್ಕೆ ಬಿದ್ದವಂತೆ. ದೊರೆಯ ಕರುಳು ಚುರುಕ್ಕೆಂದಿತು. ‘ಪಾಪ, ನಾನು ಬಂದಾಗಲೆಲ್ಲ ಎದ್ದೇಳೋ ಕಷ್ಟ ಇವರಿಗೆ ಯಾಕೆ?’ ಎಂದು ಅಂದೇ ಕೂರುವ ಮಣೆ, ಸ್ಟೂಲುಗಳನ್ನೆಲ್ಲ ತೆಗೆಸಿದರು. ಅಂದಿನಿಂದ ಎಲ್ಲರೂ ಮೊದಲೇ ನಿಂತಿರತಕ್ಕದ್ದು. ಊಟದ ಅರ್ಧ ಗಂಟೆ ಮಾತ್ರ ನೆಲದ ಮೇಲೆ ಕೂರಬಹುದು. ಈ ಆಜ್ಞೆಗೆ ‘ಕಾರ್ಮಿಕ ಕಲ್ಯಾಣ ನೀತಿ’ ಎಂದು ಹೆಸರು.

ಹೀಗಿರಲಾಗಿ ಚಳಿದ್ವೀಪದಿಂದ ಒಬ್ಬ ರಾಯಭಾರಿಣಿ ಬಂದಿಳಿದಳು. ಉದ್ದನೆಯ ಕೋಟು, ಕೈಯಲ್ಲಿ ನೀರಿನ ಬಾಟಲಿ. ತುಂಬಿದ ಆಸ್ಥಾನದಲ್ಲಿ ಆಕೆ ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ನಾನು ಸಿಂಹಾಸನದ ಪಕ್ಕ ಬಗ್ಗಿ ದೊರೆಯ ಕಿವಿಯಲ್ಲಿ ಪಿಸುಗುಟ್ಟಿದೆ.

‘ಪ್ರಭು, ಇನ್ನುಮುಂದೆ ನಾವು ನಮ್ಮ ವ್ಯವಹಾರದಲ್ಲಿ ಮಾನವ ಹಕ್ಕುಗಳನ್ನು ಗೌರವಿಸಬೇಕಂತೆ. ಇಲ್ಲದಿದ್ದರೆ ಶಾಲು ಕೊಳ್ಳೋದಿಲ್ಲವಂತೆ. ಮುಂದಿನ ತಿಂಗಳು ಮತ್ತೆ ಬಂದು ನೋಡ್ತಾರಂತೆ.’

ದೊರೆಯ ಮುಖ ಅರಳಿತು. ‘ಗೌರವಿಸ್ಬೇಕಾ? ಅಷ್ಟೇನಾ? ಅಯ್ಯೋ, ಗೌರವಿಸೋದು ನಮ್ಮ ಬಿಜಿನೆಸ್ಸೇ ಅಲ್ವೇನ್ರೀ ಸಮಾಧಾನರಾಯರೇ!’

ಸಮಾಧಾನರಾಯರು ನಮ್ಮ ಮಾನವ ಸಂಪನ್ಮೂಲಾಮಾತ್ಯರು. ಅವರು ಕೈಮುಗಿದು, ‘ಮಹಾಪ್ರಭು, ತಮ್ಮ ಬಾಯಲ್ಲಿ ಆ ಪದ ಕೇಳಿ ಪದಕ್ಕೇ ಗೌರವ ಬಂತು. ಶಾಲು ನಮ್ಮದೇ. ಹಾರ, ಪೇಟ, ಹಣ್ಣಿನ ಬುಟ್ಟಿಗೆ ಟೆಂಡರ್ ಕರೆದರಾಯ್ತು. ಸನ್ಮಾನ ಭರ್ಜರಿಯಾಗಿ ಮಾಡಿಬಿಡೋಣ’ ಎಂದರು.

ಆಕೆ ಹೇಳಿದ ಗೌರವ ಬೇರೆ. ಹಕ್ಕಿಗೆ ಭಂಗ ತರಬೇಡಿ, ಜನರನ್ನು ಮನುಷ್ಯರ ಹಾಗೆ ನಡೆಸಿಕೊಳ್ಳಿ ಎಂಬ ಅರ್ಥದ್ದು. ನಮ್ಮಲ್ಲಿ ಎರಡಕ್ಕೂ ಒಂದೇ ಪದ. ಇಷ್ಟನ್ನು ಹೇಳಬೇಕೆಂದು ಬೆರಳೆತ್ತಿದೆ. ಮಂತ್ರಿಗಳು ನನ್ನ ಬೆರಳನ್ನು ನೋಡಿ ಅನುಕಂಪದಿಂದ, ‘ಹೋಗಿ ಬಾಮ್ಮ, ಎಡಗಡೆ ಕೊನೇ ಬಾಗಿಲು’ ಎಂದರು. ನಾನು ಹೋಗಿ ಬಂದೆ. ಅಗತ್ಯವಿರಲಿಲ್ಲ. ಆದರೂ ಹೋಗದಿದ್ದರೆ ಅವರಿಗೆ ಬೇಸರವಾಗಬಾರದಲ್ಲ.

ಮರುದಿನದ ತುರ್ತು ಸಭೆಯಲ್ಲಿ ಒಂದು ತಾಂತ್ರಿಕ ಸಮಸ್ಯೆ ಎದ್ದಿತು.

‘ಪ್ರಭು, ಹಕ್ಕಿಗೆ ಹೆಗಲಿಲ್ಲ’ ಎಂದರು ಸಮಾಧಾನರಾಯರು. ‘ಶಾಲು ಎಲ್ಲಿಗೆ ಹೊದಿಸೋದು?’

‘ಯಾರಿಗಾದ್ರೂ ಹೊದಿಸಿ. ನಮ್ಮ ರಾಜ್ಯದಲ್ಲಿ ಹಕ್ಕು ಇರೋರು ಯಾರಿದ್ದಾರೆ?’

ಕಡೆಗೆ ಮಂತ್ರಿಗಳಿಗೇ ನೆನಪಾಯಿತು. ‘ಹಕ್ಕು ಇರೋರು ಯಾರೂ ಇಲ್ಲ ಪ್ರಭು. ಕೇಳಿದೋಳು ಒಬ್ಬಳಿದ್ದಾಳೆ. ಕುಚ್ಚು ವಿಭಾಗದ ಚಿಕ್ಕತಾಯಮ್ಮ. ಕೂರಕ್ಕೆ ಸ್ಟೂಲು ಬೇಕು ಅಂತ ಮೇಲಿಂದ ಮೇಲೆ ಪೀಡಿಸ್ತಾಳೆ. ಅವಳನ್ನೇ ಕೂರುವ ಹಕ್ಕು ಅಂತ ಘೋಷಿಸಿಬಿಟ್ಟರೆ?’

‘ಶಹಬ್ಬಾಸ್! ಸ್ಟೂಲು ಕೊಟ್ರೆ ಒಬ್ಬಳಿಗೆ ಕೊಟ್ಟ ಹಾಗಾಗತ್ತೆ. ಸನ್ಮಾನ ಮಾಡಿದ್ರೆ ಎಲ್ಲರಿಗೂ ಮಾಡಿದ ಹಾಗೆ.’ ದೊರೆ ನನ್ನ ಕಡೆ ತಿರುಗಿದರು. ‘ಏನಂತೀರಮ್ಮ?’

ನಾನು ನಕ್ಕೆ. ಬರೆದುಕೊಂಡರು.

ಸುದ್ದಿ ಮುಟ್ಟಿಸುವ ಹೊಣೆ ನನ್ನ ಪಾಲಿಗೆ ಬಂತು. ಕುಚ್ಚು ವಿಭಾಗದಲ್ಲಿ ಉದ್ದಕ್ಕೂ ಕಟ್ಟಿದ ಹಗ್ಗಗಳ ಮೇಲೆ ಶಾಲುಗಳು ತೂಗುತ್ತಿದ್ದವು. ಒಂದೊಂದು ಶಾಲಿನ ಹಿಂದೆಯೂ ಎರಡು ಕಾಲು. ಊದಿದ ಕಾಲುಗಳನ್ನು ಗುರುತಿಸಿ ತಾಯಕ್ಕನ ಹತ್ತಿರ ಹೋದೆ. ಎಲ್ಲರೂ ಚಿಕ್ಕತಾಯಮ್ಮನನ್ನು ಕರೆಯುತ್ತಿದ್ದುದು ಹಾಗೆ. ತುಂಬು ಬಸುರಿ, ಹೊಟ್ಟೆಗೆ ಶಾಲು ತಾಗದಂತೆ ಒಂದು ಪಕ್ಕಕ್ಕೆ ತಿರುಗಿ ಕುಚ್ಚು ಕಟ್ಟುತ್ತಿದ್ದಳು.

‘ತಾಯಕ್ಕ, ನಿಮಗೆ ಸನ್ಮಾನ ಮಾಡ್ತಾರಂತೆ.’

‘ಯಾಕವ್ವ? ನಾನೇನ್ ತೆಪ್ಪು ಮಾಡ್ದೆ?’

ಪಕ್ಕದವಳು ಶಾಲಿನಾಚೆಯಿಂದ ಕಿಸಕ್ಕೆಂದಳು. ‘ಹೋಗು ಕಣಕ್ಕ, ಪೇಟ ಇಕ್ತಾರೆ. ನಿನ್ ಗಂಡ ಮದ್ವೇಲಿ ಇಕ್ಕಂಡಿದ್ಕಿಂತ ಚೆಂದಾಗಿರ್ತದೆ.’

‘ನೀವು ಕೂರುವ ಹಕ್ಕು ಅಂತೆ’ ಎಂದೆ. ಹೇಳುವಾಗ ನನಗೇ ಹೇಗೋ ಆಯಿತು.

ತಾಯಕ್ಕ ದಾರ ಹಲ್ಲಲ್ಲಿ ಕಡಿದು ನನ್ನನ್ನು ನೋಡಿದಳು. ‘ನಾ ಕೇಳಿದ್ದು ಸ್ಟೂಲು ಕಣವ್ವ. ಕುಚ್ಚು ಕಟ್ಟೋದು ಕೈಲಿ, ಕಾಲಲ್ಲಲ್ವಲ್ಲ. ಹೋದ್ಸಲದ್ದು ಇಲ್ಲೇ, ನಿಂತಲ್ಲೇ ಹೋಯ್ತು. ಇದ್ನಾದ್ರೂ ಉಳಿಸ್ಕೋಬೇಕು ಅಂತ ನಾ ಕೇಳ್ತಾ ಇರೋದು. ನೀ ಓದಿರೋಳು, ದೊರೆ ಕಿವೀಗೆ ಹತ್ರ ಇರೋಳು. ಒಸಿ ಹೇಳವ್ವ.’

‘ಹೇಳ್ತೀನಿ’ ಎಂದೆ. ಅಷ್ಟು ಮೆಲ್ಲಗೆ ಹೇಳಿದೆನೆಂದರೆ ಅವಳು ‘ಆ?’ ಎಂದಳು. ನಾನು ನಕ್ಕು ಹೊರಟುಬಂದೆ. ಆ ಸಂಜೆ ಡೈರಿಯಲ್ಲಿ ದೊರೆಯನ್ನು ನೇರವಾಗಿ ಸಂಬೋಧಿಸಿ ಅತ್ಯಂತ ದಿಟ್ಟವಾದ ಭಾಷಣವೊಂದನ್ನು ಮಾಡಿದೆ. ದೊರೆ ಅದರಲ್ಲಿ ಕಣ್ಣೀರಿಟ್ಟರು.

ಸಮಾರಂಭದ ದಿನ ಬಂತು. ಕೋಟೆಬಾಗಿಲಿಗೆ ‘ಮಾನವ ಹಕ್ಕಿಗೆ ಹೃತ್ಪೂರ್ವಕ ಸನ್ಮಾನ’ ಎಂಬ ಫ್ಲೆಕ್ಸ್ ಕಟ್ಟಿದ್ದರು. ಹಕ್ಕಿಗೆ ಎಂದರೆ ಹಕ್ಕಿಗೇ ಎಂದುಕೊಂಡ ಚಿತ್ರಕಾರ ಅದರ ಮೇಲೆ ಮನುಷ್ಯನ ಮುಖದ ದೊಡ್ಡದೊಂದು ಗಿಳಿಯನ್ನು ಬರೆದಿದ್ದ. ಗಿಳಿಗೆ ದೊರೆಯ ಮೀಸೆ ಇದ್ದುದರಿಂದ ಯಾರೂ ಆಕ್ಷೇಪಿಸಲಿಲ್ಲ. ರಾಯಭಾರಿಣಿ ಮಾತ್ರ ಅದನ್ನು ಬಹಳ ಹೊತ್ತು ನೋಡಿ, ಇದು ನಿಮ್ಮ ಜಾನಪದವೇ ಎಂದು ನನ್ನನ್ನು ಕೇಳಿದಳು. ನಾನು ನಕ್ಕೆ.

ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ. ವೇದಿಕೆಯ ತುಂಬ ಕೆಂಪು ಕುರ್ಚಿಗಳು. ಅವುಗಳ ತುಂಬ ಗಣ್ಯರು. ತಾಯಕ್ಕನನ್ನು ನಟ್ಟನಡುವೆ ನಿಲ್ಲಿಸಿದ್ದರು. ಸನ್ಮಾನಿತರಿಗೆ ಕುರ್ಚಿ ಹಾಕಿಲ್ಲವೆಂದು ಯಾರೋ ಪಿಸುಗುಟ್ಟಿದಾಗ ಸಮಾಧಾನರಾಯರು, ‘ಶಾಲು ಹೊದಿಸೋವಾಗ ಹೇಗಿದ್ರೂ ಎದ್ದೇಳಬೇಕಲ್ಲ, ನಮ್ಮ ನೀತಿ ಇರೋದೇ ಹಾಗೆ’ ಎಂದರು. ಕೆಳಗೆ ಬಿಸಿಲಿನಲ್ಲಿ ಕಾರ್ಖಾನೆಯ ಹೆಂಗಸರೆಲ್ಲ ಚಪ್ಪಾಳೆ ಕರ್ತವ್ಯದ ಮೇಲೆ ನಿಂತಿದ್ದರು. ಅವರ ಊಟದ ಬಿಡುವನ್ನು ಅದಕ್ಕೆಂದು ಕಡಿತ ಮಾಡಲಾಗಿತ್ತು.

ದೊರೆ ಶಾಲು ಹೊದಿಸಿದರು. ಮಂತ್ರಿ ಹೊದಿಸಿದರು. ಉಪಮಂತ್ರಿಗಳು, ಉಗ್ರಾಣಾಧಿಪತಿಗಳು, ಟೆಂಡರ್ ಸಿಕ್ಕವರು, ಸಿಗದವರು, ಎಲ್ಲರೂ ಹೊದಿಸಿದರು. ತಾಯಕ್ಕ ಕಾಣಿಸದಾದಳು. ಶಾಲುಗಳ ಗುಡ್ಡೆಯ ಮೇಲೆ ಒಂದು ಪೇಟ ಮಾತ್ರ ಕಾಣುತ್ತಿತ್ತು. ಅದು ಮೆಲ್ಲಗೆ ತೂಗಾಡತೊಡಗಿತು. ಹಣ್ಣಿನ ಬುಟ್ಟಿ ಹಿಡಿಸಲು ಹತ್ತಿರ ಹೋದವಳು ನಾನೇ. ಗುಡ್ಡೆಯೊಳಗಿಂದ ದನಿ ಬಂತು.

‘ಕೂರಬೋದಾ ಕೇಳವ್ವ. ಕಣ್ಣು ಮಂಜಾಯ್ತಾ ಅದೆ.’

ಅಷ್ಟರಲ್ಲಿ ರಾಯಭಾರಿಣಿ ನನ್ನ ತೋಳು ಮುಟ್ಟಿ, ಈ ಮಹಿಳೆಯೇಕೆ ಕೂತಿಲ್ಲ ಎಂದು ಕೇಳಿದಳು. ನಾನು ಅದನ್ನು ದೊರೆಯ ಕಿವಿಗೆ ಮುಟ್ಟಿಸಿದೆ. ಅದರ ಜತೆಗೇ ತಾಯಕ್ಕನ ಮಾತನ್ನೂ ಸೇರಿಸಿದೆನೆಂದು ನನ್ನ ನಂಬಿಕೆ. ಆದರೆ ದನಿ ಹೊರಟಿರಲಿಲ್ಲ, ತುಟಿ ಮಾತ್ರ ಆಡಿತ್ತು.

‘ಗೌರವಕ್ಕೆ ನಿಂತಿದ್ದಾಳೆ ಅಂತ ಹೇಳಮ್ಮ’ ಎಂದರು ದೊರೆ.

ಹೇಳಿದೆ. ಅನುವಾದ ಮಾತ್ರ ತಪ್ಪಿಲ್ಲದೆ ಬಂತು. ರಾಯಭಾರಿಣಿಯ ಕಣ್ಣು ತುಂಬಿತು. ತನ್ನ ದ್ವೀಪದಲ್ಲಿ ಹಕ್ಕುಗಳ ಬಗ್ಗೆ ಭಾಷಣ ಕೇಳಿದ್ದಳು, ಅವಕ್ಕಾಗಿ ಯಾರಾದರೂ ಹೀಗೆ ನಿಂತಿದ್ದನ್ನು ಕಂಡಿರಲಿಲ್ಲವಂತೆ. ಆಕೆ ತಾನೂ ಎದ್ದುನಿಂತಳು. ಅತಿಥಿ ಎದ್ದಳೆಂದು ದೊರೆ ಎದ್ದರು. ದೊರೆ ಎದ್ದರೆಂದು ವೇದಿಕೆಗೆ ವೇದಿಕೆಯೇ ಎದ್ದಿತು. ಕೆಂಪು ಕುರ್ಚಿಗಳೆಲ್ಲ ಖಾಲಿಯಾದವು.

ಆ ದೃಶ್ಯ ಕಂಡು ದೊರೆಗೆ ಆವೇಶ ಬಂತು. ಮೈಕಿಗೆ ಬಾಯಿಟ್ಟು ಘೋಷಿಸಿದರು: ‘ಕೂರುವ ಹಕ್ಕಿಗೆ ಸಲ್ಲಬೇಕಾದ ಗೌರವ ಇದೇ! ಇಂದಿನಿಂದ ನಮ್ಮ ರಾಜ್ಯದಲ್ಲಿ ಆ ಹಕ್ಕಿನ ಗೌರವಾರ್ಥ ಊಟದ ಅರ್ಧ ಗಂಟೆಯೂ ಎಲ್ಲರೂ ನಿಂತೇ ಇರತಕ್ಕದ್ದು!’

ಸಮಾಧಾನರಾಯರು, ‘ಆಹಾ, ಇದನ್ನ ಕೇಳಕ್ಕೆ ಪುಣ್ಯ ಮಾಡಿರಬೇಕು ಪ್ರಭು’ ಎಂದು ಕಣ್ಣೊರೆಸಿಕೊಂಡರು. ಕೆಳಗಿನಿಂದ ಚಪ್ಪಾಳೆ ಬಂತು, ಕರ್ತವ್ಯವಾದ್ದರಿಂದ. ರಾಯಭಾರಿಣಿ ಚೀಲದಿಂದ ದ್ವೀಪದ ಪ್ರಶಸ್ತಿಪತ್ರ ತೆಗೆದು ದೊರೆಯ ಕೈಗಿತ್ತಳು: ಹಕ್ಕುಗಳನ್ನು ಗೌರವಿಸುವ ಮಾದರಿ ಸಂಸ್ಥೆ. ದೊರೆ ಅದನ್ನು ಕಿರೀಟಕ್ಕೆ ಸಿಕ್ಕಿಸಿಕೊಂಡರು.

‘ನಮ್ಮ ಆಜ್ಞೇನ ಇವರ ಭಾಷೇಲೂ ಹೇಳಿಬಿಡಮ್ಮ. ಗಟ್ಟಿಯಾಗಿ, ಮೈಕಲ್ಲೇ’ ಎಂದು ನನ್ನನ್ನು ಮುಂದಕ್ಕೆ ದೂಡಿದರು.

ಮೈಕು ನನ್ನ ಉಸಿರನ್ನೇ ಊರಿಗೆಲ್ಲ ಕೇಳಿಸಿತು. ನನಗೆ ಓಡಿಹೋಗಬೇಕೆನಿಸಿತು, ಎಡಗಡೆಯ ಕೊನೆಯ ಬಾಗಿಲು ಕೂಡ ನೆನಪಾಯಿತು. ಪಕ್ಕದಲ್ಲಿ ಶಾಲುಗಳ ಗುಡ್ಡೆ ಒಮ್ಮೆ ಮುಂದಕ್ಕೆ ಬಾಗಿತು. ಒಳಗಿಂದ ಒಂದು ಕೈ ಹೊರಬಂದು ಹತ್ತಿರದ ಖಾಲಿ ಕುರ್ಚಿಯ ಬೆನ್ನು ಹಿಡಿಯಿತು. ಸಮಾಧಾನರಾಯರು, ಕ್ಯಾಮೆರಾಗೆ ಅಡ್ಡವಾಗುತ್ತದೆಂದು, ಆ ಕೈಯನ್ನು ನಯವಾಗಿ ಬಿಡಿಸಿದರು.

ನಾನು ನಗಲು ಹೋದೆ. ನಗು ಬರಲಿಲ್ಲ. ದ್ವೀಪದ ಭಾಷೆಯೂ ಬರಲಿಲ್ಲ. ನನ್ನದೇ ಭಾಷೆ ಬಂತು, ಒಡಕು ದನಿಯಲ್ಲಿ. ಉಪಮೆ ಒಂದೂ ಇರಲಿಲ್ಲ.

‘ಗೌರವಿಸೋದು ಅಂದ್ರೆ ಸನ್ಮಾನ ಅಲ್ಲ’ ಎಂದೆ. ‘ತಾಯಕ್ಕನ್ನ ಕೂರಕ್ಕೆ ಬಿಡೋದು.’