ಭರಣಿಯ ಮೇಲಿನ ನಾಲ್ಕು ಅಕ್ಷರ

2006ರ ಜುಲೈ ಹತ್ತು, ಸೋಮವಾರ. ಬೆಳಿಗ್ಗೆಯಿಂದ ಸಣ್ಣ ಮಳೆ, ಸಂಜೆ ಹೊಳವು.

ಜಪಾನಿ ಕಲಿತವನನ್ನು ಜನ ಚೀನೀ ಪಂಡಿತನನ್ನಾಗಿ ಮಾಡಿಬಿಡುತ್ತಾರೆ. ಬರುವುದಿಲ್ಲ ಎಂದರೆ ವಿನಯ ಎನ್ನುತ್ತಾರೆ. ಆ ಸಂಜೆಯೂ ಹಾಗೇ ಆಯಿತು. ಕೊಚ್ಚಿ ಹತ್ತಿರದ ತ್ರಿಪ್ಪುಣಿತ್ತುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ನಿವೃತ್ತ ಶಿಕ್ಷಕಿ. ಇಡೀ ಬೀದಿಗೆ ಟೀಚರ್. ಅವರು ಕಂದು ಬಣ್ಣದ ಹಳೆಯ ಭರಣಿಯೊಂದನ್ನು ಜಗಲಿಗೆ ತಂದಿಟ್ಟು ನನ್ನನ್ನು ಕೆಳಗೆ ಕರೆದರು. ಭರಣಿಯ ಹೊಟ್ಟೆಯ ಮೇಲೆ ನಾಲ್ಕು ಚೀನೀ ಅಕ್ಷರ.

"ಓದಿ ಹೇಳಿ. ಭಾನುವಾರ ತಿರುವನಂತಪುರದ ಶ್ರೀಕಾರ್ಯಂನಿಂದ ನಮ್ಮ ಚೇಚ್ಚಿ ಬರುತ್ತಾಳೆ, ಇದನ್ನು ಒಯ್ಯುವುದಕ್ಕೆ."

ಚೇಚ್ಚಿ ಎಂದರೆ ಟೀಚರ್ ಅವರ ಅಕ್ಕ. ತಾಯಿ ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಭರಣಿ ಕೊಟ್ಟಿದ್ದರಂತೆ. ಕೊನೆಗಾಲದಲ್ಲಿ, "ಒಳ್ಳೆಯದು ದೊಡ್ಡವಳಿಗೆ ಸೇರಬೇಕು, ಯಾವುದು ಒಳ್ಳೆಯದು ಅಂತ ಅದರ ಮೇಲೇ ಬರೆದಿದೆ" ಎಂದುಬಿಟ್ಟರಂತೆ. ಓದುವವರು ಮಾತ್ರ ಇಷ್ಟು ವರ್ಷ ಸಿಕ್ಕಿರಲಿಲ್ಲ. ಈಗ ನಾನು ಸಿಕ್ಕಿದ ಸುದ್ದಿ ಅಕ್ಕನಿಗೂ ಮುಟ್ಟಿತ್ತು.

"ಈ ಭರಣಿ ಹೋದರೆ ನಾನು ಮಾವಿನಮಿಡಿ ಹಾಕುವುದನ್ನೇ ಬಿಡುತ್ತೇನೆ," ಎಂದರು ಟೀಚರ್. ಅವರ ಕೈ ಭರಣಿಯ ಕತ್ತಿನ ಮೇಲೇ ಇತ್ತು.

ನನಗೆ ಚೀನೀ ಬರುತ್ತದೆಂಬ ಸುದ್ದಿ ಹುಟ್ಟಿದ್ದು ಹೇಗೆಂದು ಮೊದಲು ಹೇಳಬೇಕು.

೧. ಅರ್ಧ ಬರುತ್ತದೆ

ಕಾಕ್ಕನಾಡಿನ ಕಂಪನಿಯೊಂದರಲ್ಲಿ ಜಪಾನಿ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಒಂದು ದಿನ ಮ್ಯಾನೇಜರ್ ಯಾವುದೋ ಯಂತ್ರದ ಕೈಪಿಡಿ ತಂದು ಮೇಜಿನ ಮೇಲಿಟ್ಟ. ಪೂರಾ ಚೀನೀ.

"ಅಕ್ಷರ ಒಂದೇ ಅಲ್ಲವೇ ಸಾರ್?"

"ಜಪಾನಿನವರು ಅಕ್ಷರ ತಂದದ್ದು ಚೀನಾದಿಂದಲೇ. ಜೊತೆಗೆ ರಾಶಿ ಪದಗಳೂ ಬಂದವು, ನಮ್ಮ ಭಾಷೆಗಳಿಗೆ ಸಂಸ್ಕೃತದಿಂದ ಬಂದ ಹಾಗೆ. ಆದರೆ ವಾಕ್ಯ ಕಟ್ಟುವ ರೀತಿ ಬೇರೆ, ಉಚ್ಚಾರ ಬೇರೆ."

ಆದರೂ ಪುಟ ತಿರುಗಿಸಿದೆ. ಕನಸಿನಲ್ಲಿ ಹುಟ್ಟೂರಿನ ಬೀದಿಯಲ್ಲಿ ನಡೆದಂತಾಯಿತು. ನೀರು, ಬೆಂಕಿ, ಬಾಗಿಲು, ಕೈ – ಎಲ್ಲ ಪರಿಚಿತ ಮುಖಗಳು. ಎದುರಿಗೆ ಬಂದು ನಗುತ್ತವೆ. ಯಾವುದೂ ಬಾಯಿ ಬಿಡುವುದಿಲ್ಲ.

"ಅರ್ಧ ತಿಳಿಯುತ್ತದೆ," ಎಂದೆ.

ಮ್ಯಾನೇಜರ್ ಸ್ವಲ್ಪ ಯೋಚಿಸಿದ. "ತೊಂದರೆ ಇಲ್ಲ ಸಾರ್. ಎರಡರಷ್ಟು ದಿನ ತೆಗೆದುಕೊಳ್ಳಿ."

೨. ಕರೆಯಲಾಗದ ಹೆಸರು

ಅದಾದ ಮೇಲೆ ಕಂಪನಿಗೆ ಜಪಾನಿನಿಂದ ಒಬ್ಬ ಇಂಜಿನಿಯರ್ ಬಂದ. ಅವನನ್ನು ಫೋರ್ಟ್ ಕೊಚ್ಚಿಗೆ, ಚೀನೀ ಬಲೆಗಳನ್ನು ತೋರಿಸಲು ಕರೆದೊಯ್ದೆ. ಅಲ್ಲಿ ಚೀನಾದ ಪ್ರವಾಸಿಯೊಬ್ಬ ನಿಂತಿದ್ದ. ಒಬ್ಬನ ಭಾಷೆ ಇನ್ನೊಬ್ಬನಿಗೆ ಬಾರದು. ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೆ. ಇಬ್ಬರೂ ಒದ್ದೆ ಮರಳಿನ ಮೇಲೆ ಕುಳಿತು ಬೆರಳಲ್ಲಿ ಬರೆಯತೊಡಗಿದರು. 'ಮೀನು' ಎಂದು ಇವನು. 'ದೊಡ್ಡದು' ಎಂದು ಅವನು. ಊರು, ಹೆಸರು, ಮಕ್ಕಳು, ಎಲ್ಲ ಬರೆದುಕೊಂಡರು. ಅಲೆ ಬಂದು ಅಳಿಸಿದರೆ ಹೊಸ ಮಾತು. ಒಂದು ಶಬ್ದವಿಲ್ಲದೆ ಅಷ್ಟು ಹರಟೆ ನಾನು ಕಂಡಿರಲಿಲ್ಲ.

ಚೀನಾದವನು ತಲೆಬಾಗಿಸಿ ಹೊರಟ. ಅವನು ದೋಣಿಯ ಕಡೆ ಸುಮಾರು ದೂರ ನಡೆದ ಮೇಲೆ ಅವನ ಛತ್ರಿ ಇಲ್ಲೇ ಉಳಿದದ್ದು ಕಂಡಿತು.

"ಕೂಗಿ ಕರೆಯಿರಿ," ಎಂದೆ.

"ಹೇಗೆ? ಅವರ ಹೆಸರು ಬರೆಯಬಲ್ಲೆ. ಚೀನಾದಲ್ಲಿ ಅದನ್ನು ಏನೆಂದು ಕೂಗುತ್ತಾರೋ ಗೊತ್ತಿಲ್ಲ."

"ಹಾಗಾದರೆ 'ಏಯ್' ಅನ್ನಿ."

"ಹೆಸರು ಗೊತ್ತಿರುವವರನ್ನು ಹಾಗೆ ಕರೆಯಬಾರದು."

ಆಮೇಲೆ ಇಂಜಿನಿಯರ್ ಮರಳಿನ ಮೇಲೆ ಆಳೆತ್ತರಕ್ಕೆ ಆ ಹೆಸರನ್ನು ಬರೆದು, ಪಕ್ಕದಲ್ಲಿ ಛತ್ರಿ ಹಿಡಿದು, ಅವನು ತಿರುಗಿ ನೋಡಲೆಂದು ಮರ್ಯಾದೆಯಿಂದ ನಿಂತುಕೊಂಡ. ದೋಣಿ ಹೊರಟುಹೋಯಿತು.

ಆ ಛತ್ರಿ ನನ್ನ ಜೊತೆ ಮನೆಗೆ ಬಂತು. ಹಿಡಿಯ ಮೇಲಿದ್ದ ಅಕ್ಷರ ಕಂಡ ಟೀಚರ್, ತಮ್ಮ ಭರಣಿಯ ಮೇಲಿರುವುದೂ ಇದೇ ಜಾತಿಯದೆಂದು ಗುರುತಿಸಿದರು.

೩. ಉಳಿದ ಅರ್ಧ

ಜಗಲಿಯ ಮೇಲೆ ಕುಳಿತು ಅಕ್ಷರಗಳನ್ನು ಒಂದೊಂದಾಗಿ ನೋಡಿದೆ. ನಾಲ್ಕೂ ಜಪಾನಿಯಲ್ಲಿ ಇರುವಂಥವೇ.

"ಭಾಗ್ಯವು ಪೂರ್ವದ ಕಡಲಿನಂತಿರಲಿ."

"ಪೂರ್ವಕ್ಕೆ ಇರುವುದು ಬಸ್ ಸ್ಟ್ಯಾಂಡಲ್ಲವೇ?"

"ಚೀನಾದವರಿಗೆ ಕಡಲು ಪೂರ್ವಕ್ಕೆ, ಟೀಚರ್."

ಅವರ ಮುಖ ಇಳಿಯಿತು. "ಭಾಗ್ಯ ಅಂದಮೇಲೆ ಇದೇ ಒಳ್ಳೆಯದು. ಹೋಯಿತು ಬಿಡಿ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ನಿಮಗೆ ಅರ್ಧ ತಾನೇ ಬರುವುದು? ಉಳಿದ ಅರ್ಧವನ್ನು ಸ್ವಲ್ಪ ಕೆಟ್ಟದಾಗಿ ಓದಲಾಗುವುದಿಲ್ಲವೇ?"

೪. ಹಾರೈಕೆಯ ಎರಡು ತುಂಡು

ಇಂಥ ಮಾತುಗಳು ಜೋಡಿಯಾಗಿ ಬರುತ್ತವೆ, ಇನ್ನೊಂದನ್ನು ನೋಡದೆ ತೀರ್ಪು ಹೇಳಲಾರೆ ಎಂದೆ. ಶನಿವಾರ ರೈಲು ಹತ್ತಿ ತಿರುವನಂತಪುರಕ್ಕೆ ಹೋದೆ. ಶ್ರೀಕಾರ್ಯಂನಲ್ಲಿ ಅಕ್ಕನ ಅಡುಗೆಮನೆಯಲ್ಲಿ ಎರಡನೆಯ ಭರಣಿ ಇತ್ತು. ಅದರ ಮೊದಲ ಅಕ್ಷರ ಹಳೆಯ ರೂಪದ್ದು. ಜಪಾನಿನವರು ಈಗ ಅದನ್ನು ಚಿಕ್ಕದು ಮಾಡಿ ಬರೆಯುತ್ತಾರೆ. ನಿಘಂಟು ತೆಗೆದು ಬಿಡಿಸಿದೆ: ಆಯುಷ್ಯವು ದಕ್ಷಿಣದ ಬೆಟ್ಟದಂತಿರಲಿ.

"ಯಾವುದು ಒಳ್ಳೆಯದು, ಮೋನೇ?" ಎಂದರು ಅಕ್ಕ, ಮಗನನ್ನು ಕರೆಯುವ ಹಾಗೆ.

"ಇದು ಆಯುಷ್ಯ, ಅದು ಭಾಗ್ಯ. ಎರಡೂ ಸೇರಿದರೆ ಒಂದು ಹಾರೈಕೆ, ಅಮ್ಮಾ."

"ನನಗೆ ಎಪ್ಪತ್ತಾರು. ಆಯುಷ್ಯ ಬಂದಾಯಿತು. ಇನ್ನು ಭಾಗ್ಯ ಬರಲಿ." ಅಂದೇ ಭರಣಿ ಖಾಲಿ ಮಾಡಿಸಿ, ಟ್ಯಾಕ್ಸಿ ಗೊತ್ತು ಮಾಡಿಸಿದರು.

ಮರುದಿನ ದಾರಿಯುದ್ದಕ್ಕೂ ಭರಣಿ ನನ್ನ ತೊಡೆಯ ಮೇಲೆ. ಅಕ್ಕ ನಿದ್ದೆ ಹೋದರು. ಹಿನ್ನೀರು, ತೆಂಗು, ಮಳೆ, ಮತ್ತೆ ಹಿನ್ನೀರು. ಕಿಟಕಿಯ ಗಾಳಿ ಖಾಲಿ ಭರಣಿಯ ಬಾಯಿಗೆ ಹೊಕ್ಕು ಮೆಲ್ಲಗೆ 'ಊಂ' ಎನ್ನುತ್ತಿತ್ತು. ಅರ್ಥ ಮಾತ್ರ ಗೊತ್ತಿದ್ದ ಅಕ್ಷರಗಳಿಗೆ ಕೊನೆಗೂ ದನಿ ಬಂದ ಹಾಗಿತ್ತು.

ತ್ರಿಪ್ಪುಣಿತ್ತುರದ ಜಗಲಿಯಲ್ಲಿ ಎರಡು ಭರಣಿಗಳೂ ಅಕ್ಕಪಕ್ಕ ನಿಂತವು. ಟೀಚರ್ ತಮ್ಮದರ ಕತ್ತು ಬಿಡಲಿಲ್ಲ.

"ನನ್ನ ಮಿಡಿ ಇದರಲ್ಲೇ ಹದಕ್ಕೆ ಬರುವುದು, ಚೇಚ್ಚಿ."

"ರುಚಿ ಭರಣಿಯದಲ್ಲವೇ ಹುಚ್ಚೀ, ನಿನ್ನ ಕೈಯದು. ಆ ಕೈ ಬಹಳ ಕಾಲ ಇರಬೇಕಾದರೆ ಆಯುಷ್ಯದ ಭರಣಿ ಯಾರ ಹತ್ತಿರ ಇರಬೇಕು, ಹೇಳು. ಮಿಡಿ ಹಾಕಿದಾಗ ನನಗೂ ಕಳಿಸು."

ಟೀಚರ್ ಅಕ್ಕನನ್ನೇ ನೋಡುತ್ತ ನಿಂತರು. ಮೆಲ್ಲಗೆ ಕೈ ಬಿಟ್ಟರು. ಭರಣಿಗಳು ಅದಲುಬದಲಾದವು.

ಆಗ ಡ್ರೈವರ್ ಕೆಮ್ಮಿದ. ಬಾಡಿಗೆ.

"ಇಷ್ಟು ವರ್ಷ ಭಾಗ್ಯ ನಿನ್ನ ಮನೆಯಲ್ಲಿತ್ತು. ನೀನು ಕೊಡು," ಎಂದರು ಅಕ್ಕ.

"ಈಗ ನಿನ್ನ ಕೈಗೆ ಬಂತಲ್ಲ. ನೀನು ಕೊಡು," ಎಂದರು ಟೀಚರ್.

ಸಂಜೆ ಮೈಸೂರಿನಿಂದ ಹೆಂಡತಿಯ ಫೋನು. ಕಥೆಯನ್ನೆಲ್ಲ ಕೇಳಿದಳು.

"ಅಲ್ಲಾರೀ, ಅಷ್ಟು ದೂರ ಹೋಗಿ ಓದಿಕೊಟ್ಟಿರಿ. ದುಡ್ಡಿನ ಮಾತೇ ಬರಲಿಲ್ವಾ?"

"ಬಂತು. ಟ್ಯಾಕ್ಸಿ ಬಾಡಿಗೆ ಪೂರ್ತಿ ಕೊಟ್ಟಿದ್ದಾಯಿತು. ಅವರ ಅಕ್ಕ ಬಂದದ್ದಕ್ಕೆ, ವಾಪಸ್ ಹೋಗುವುದಕ್ಕೆ, ಎರಡಕ್ಕೂ."

"ಪರವಾಗಿಲ್ಲ, ಅಷ್ಟಾದರೂ ಕೊಟ್ಟರಲ್ಲ. ಯಾರು ಕೊಟ್ಟಿದ್ದು, ದೊಡ್ಡವರೋ ಚಿಕ್ಕವರೋ?"

"ನಾನು."