ನಂಜೇಶನ ಸಣ್ಣ ಪ್ರೋಗ್ರಾಂ

"ಸಾಯಂಕಾಲ ಒಂದು ಸಣ್ಣ ಪ್ರೋಗ್ರಾಂ ಐತೆ ಕಣಕ್ಕಾ, ಬರೋದು ತಡ ಆಯ್ತದೆ" ಎಂದು ನಂಜೇಶ ಮನೆ ಓನರ್ ಮಂಗಳಮ್ಮನಿಗೆ ಹೇಳಿದ್ದೇ ತಪ್ಪಾಯಿತು.

ಟಿ. ನರಸೀಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅವನು ಮೇಷ್ಟ್ರು. ತೊಂಬತ್ತೇಳನೇ ಇಸವಿಯಲ್ಲಿ ಮಾಲೀಕ ಶಿವಮಲ್ಲಪ್ಪನವರು ಅಲ್ಲಿಗೆ ಒಂದು ಕಂಪ್ಯೂಟರ್ ತಂದರು. "ನಾಕು ಜನದ ಮುಂದೆ ಇದನ್ನ ಓಡ್ಸಿ ತೋರ್ಸು. ಯಾರಾದ್ರೂ ಸೇರುದ್ರೆ ನೀನೇ ಕಂಪ್ಯೂಟರ್ ಮೇಷ್ಟ್ರು" ಎಂದಿದ್ದರು. ಅದಕ್ಕೆಂದೇ ನಂಜೇಶ ಒಂದು ಸಣ್ಣ ಕಂಪ್ಯೂಟರ್ ಪ್ರೋಗ್ರಾಂ ಬರೆದಿಟ್ಟಿದ್ದ.

ಸಂಜೆ ನೋಡಿದರೆ ಮಂಗಳಮ್ಮ ಇಡೀ ಬೀದಿಯನ್ನೇ ಇನ್‌ಸ್ಟಿಟ್ಯೂಟಿಗೆ ಕರೆತಂದಿದ್ದಾರೆ. ಹೆಂಗಸರು ರೇಷ್ಮೆ ಸೀರೆ ಉಟ್ಟು ಚಾಪೆ ಹಾಸಿ ಕೂತಿದ್ದಾರೆ.

"ಆರ್ಮೋನಿಯಂ ಎಲ್ಲಪ್ಪಾ?" ಎಂದರು ರಿಟೈರ್ಡ್ ಪೋಸ್ಟ್‌ಮ್ಯಾನ್ ರಾಮಯ್ಯ.

"ಇದು ಆ ಪ್ರೋಗ್ರಾಂ ಅಲ್ಲ ಸಾ."

"ಮತ್ತೆ? ಅರಿಕತೆನಾ?"

ನಂಜೇಶ ಕಪ್ಪು ಪರದೆಯ ಮೇಲೆ, ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸಿ ಕಂಪೈಲ್ ಮಾಡುವ ಕಮಾಂಡ್ ಹೊಡೆದ. 'ಬ್ಯಾಡ್ ಕಮಾಂಡ್' ಎಂದು ಬಂತು. ರಾಮಯ್ಯ ಕನ್ನಡಕ ಏರಿಸಿ ಓದಿದರು.

"ನೀನು ಗದರಿಸಿದ್ದು ಸರಿಯಿಲ್ಲ ಅಂತೈತೆ ಕಣ್ಲಾ. ಮರ್ಯಾದೆ ಕೊಟ್ಟು ಕೇಳು."

ನಂಜೇಶನ ತಲೆ ರುಬ್ಬೋ ಗುಂಡಿನಂತೆ ತಿರುಗಿತು. ಒಂದು ಅಕ್ಷರ ತಪ್ಪಿದ್ದು ಕಂಡು, ತಿದ್ದಿ ಹೊಡೆದ. ಈ ಸಲ ಕಂಪೈಲ್ ಆಗಿ ಪ್ರೋಗ್ರಾಂ ಓಡಿತು. 'ಓಂ ನಮಃ ಶಿವಾಯ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಮೂಡಿ ನಿಂತಿತು.

"ಆಮ್ಯಾಕೆ?" ಎಂದರು ಮಂಗಳಮ್ಮ.

"ಮುಗೀತು ಕಣಕ್ಕಾ."

"ಇಷ್ಟಕ್ಕಾ ನಾನು ಒಲೆ ಮೇಲಿನ ಸಾರು ಇಳ್ಸಿ ಬಂದದ್ದು?"

ಹೆಂಗಸರು ಚಾಪೆ ಸುತ್ತತೊಡಗಿದ್ದು ಕಂಡು, ಪಕ್ಕದಲ್ಲೇ ನಿಂತಿದ್ದ ಶಿವಮಲ್ಲಪ್ಪನವರು ನಂಜೇಶನ ತೋಳು ಚಿವುಟಿದರು. "ಏನಾರ ಮಾಡ್ಲಾ, ಜನ ಎದ್ದೋಯ್ತಾವ್ರೆ."

ಅದೇ ಸಾಲು ಹತ್ತು ಸಲ ಬರಲಿ ಎಂದು ಅವನು ಗಡಿಬಿಡಿಯಲ್ಲಿ ಪ್ರೋಗ್ರಾಂ ತಿದ್ದಿ, ಮತ್ತೆ ಕಂಪೈಲ್ ಮಾಡಿ ಓಡಿಸಿದ. ಎಲ್ಲಿ ಎಡವಿದನೋ, ಅದು ಹತ್ತಕ್ಕೆ ನಿಲ್ಲಲೇ ಇಲ್ಲ. ತೂಬು ಕಿತ್ತ ಕೆರೆಯಂತೆ 'ಓಂ ನಮಃ ಶಿವಾಯ' ಪರದೆ ತುಂಬ ಹರಿಯತೊಡಗಿತು. ನಂಜೇಶ ಬೆವರುತ್ತಾ ನಿಲ್ಲಿಸಲು ಹೋದ. ರಾಮಯ್ಯ ಅವನ ಕೈ ಹಿಡಿದುಕೊಂಡರು.

"ಮುಟ್ಬೇಡ ಕಣಪ್ಪಾ. ಜಪ ಮಾಡ್ತಾ ಐತೆ."

ಹೆಂಗಸರು ಕೈಮುಗಿದು ಎದ್ದು ನಿಂತರು. ಯಾರೋ ವಿಭೂತಿ ತಂದರು. ಮಂಗಳಮ್ಮ ಮಾನಿಟರಿಗೆ ಮೂರು ಬೆರಳಿಂದ ಪಟ್ಟೆ ಎಳೆದು, ಮೇಲೊಂದು ಹೂ ಇಟ್ಟರು. ಶಿವಮಲ್ಲಪ್ಪನವರ ಕಣ್ಣು ತುಂಬಿತು.

"ಇನ್ನು ಇದನ್ನ ಯಾರೂ ಆರಿಸೋ ಅಂಗಿಲ್ಲ" ಎಂದರು.

"ಇರೋದು ಒಂದೇ ಕಂಪ್ಯೂಟರ್. ಮತ್ತೆ ಪಾಠ ಎಂಗೆ ಸಾ?"

"ಪಾಠಕ್ಕೆ ಟೈಪ್‌ರೈಟರ್ ಅವೆಯಲ್ಲ" ಎಂದ ಶಿವಮಲ್ಲಪ್ಪನವರು ದನಿ ತಗ್ಗಿಸಿದರು. "ನಾಳೆಯಿಂದ ಮಾತ್ರ ಸ್ನಾನ ಮಾಡ್ಕಂಡು ಬೇಗ ಬಾ. ಕ್ಲಾಸ್‌ಗೆ ಮುಂಚೆ ಇದಕ್ಕೆ ಮಂಗಳಾರತಿ ಆಗ್ಬೇಕು."