ಕನ್ನಡಿಯಲ್ಲಿ ನೋಡಬೇಕಾದ ಚರ್ಚು

ನನ್ನ ಷಡ್ಡಕನಷ್ಟು ತಲೆಕೆಟ್ಟ ಮನುಷ್ಯ ಅರಸೀಕೆರೆ ಜಂಕ್ಷನ್ನಿನಲ್ಲಿ ಹತ್ತಿಯೂ ಇಲ್ಲ, ಇಳಿದೂ ಇಲ್ಲ! ಹೊಟ್ಟೆಕಿಚ್ಚಿಗೆ ಹೀಗೆ ಹೇಳುತ್ತಿದ್ದೇನೆ ಎಂದುಕೊಂಡಿರಾ? ಸರಿಯಾಗಿಯೇ ಅಂದುಕೊಂಡಿದ್ದೀರಿ.

ಕೊಬ್ಬರಿ ವ್ಯಾಪಾರಿಯಾದ ಈತ ಅರೇಹಳ್ಳಿ ಕಡೆಯ ಹಳೆಯ ಕಾಫಿ ಬಂಗಲೆಯೊಂದರ ಸಾಮಾನು ಹರಾಜಿಗೆ ಹೋದ. ಉಳಿದವರು ಬೀಟೆ ಮಂಚ ಕೊಂಡರು. ಈತ ತಂದದ್ದು ಮೊರದಗಲದ ಒಂದು ಚಿತ್ರ. ಎಲ್ಲಿಯದೋ ಸಮುದ್ರದಂಡೆಯ ಊರು, ನಡುವೆ ಚರ್ಚು, ಮುಂದೆ ದೋಣಿ. ತಾಮ್ರದ ತಗಡಿನಲ್ಲಿ ಗೀರಿ, ಶಾಯಿ ತುಂಬಿ, ಕಾಗದಕ್ಕೆ ಒತ್ತಿದ್ದಂತೆ. ಹತ್ತಿರ ಹೋದರೆ ಕೋಳಿ ಕೆರೆದ ಹಾಗಿದೆ! ಹಳೇಬೀಡಿನಲ್ಲಿ ಕಲ್ಲಾನೆಯ ಕೊರಳಗಂಟೆ ನೋಡುತ್ತ ಬೆಳೆದ ನಾನು ಇದನ್ನು ಮೆಚ್ಚಬೇಕೆ?

ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. ಒತ್ತಿದ ಚಿತ್ರದಲ್ಲಿ ಎಡ ಬಲವಾಗುತ್ತದಂತೆ. ನಿಜವಾದ ಊರು ಕಾಣಬೇಕಾದರೆ ಕನ್ನಡಿಯಲ್ಲೇ ನೋಡಬೇಕಂತೆ! ಬೀರುವಿನ ಕನ್ನಡಿ ಬಿಚ್ಚಿ ಎದುರು ಗೋಡೆಗೆ ಓರೆಯಾಗಿ ನಿಲ್ಲಿಸಿದ. ಬಂದವರೆಲ್ಲ ಚಿತ್ರಕ್ಕೆ ಬೆನ್ನು ಹಾಕಿ ಕೂರಬೇಕು. ಮಠದ ಹಿರಿಯರೂ ಹಾಗೆಯೇ ಕೂತರು. "ಕಾಣ್ತಾ?" ಎನ್ನುತ್ತಾನೆ. ಕಾಣ್ತು ಎನ್ನುವವರೆಗೆ ಕಾಫಿ ಇಲ್ಲ. ನಾನು ಎಷ್ಟೋ ಸಲ ಕಾಫಿಯಿಲ್ಲದೆ ಎದ್ದು ಬಂದಿದ್ದೇನೆ.

ನಾವು ಅಲ್ಲಿಗೆ ಹೋಗುವುದು ಸೊಂಟ ಮುರಿದು ಒಳಕೋಣೆಯಲ್ಲಿ ಮಲಗಿರುವ ನಾದಿನಿಯನ್ನು ನೋಡಲು. ನನ್ನವಳು ಮೊದಲು ಕೂರುವುದು ಕನ್ನಡಿಯ ಮುಂದೆ. "ರಸಿಕರು ಅಂದ್ರೆ ಅವ್ರು ಕಣ್ರೀ." ಉರಿಯದೆ ಇರುತ್ತದೆಯೆ? ನಾನೂ ಬೇಲೂರಿನಿಂದ ಶಿಲಾಬಾಲಿಕೆಯ ಬೊಂಬೆಯೊಂದನ್ನು ತಂದುಕೊಟ್ಟೆ. ಈಗ ಅದು ನಮ್ಮ ಮನೆಯ ಬಚ್ಚಲ ಬಾಗಿಲು ಹೊಡೆದುಕೊಳ್ಳದಂತೆ ಅಡ್ಡ ನಿಂತಿದೆ!

ಮೊನ್ನೆ ಹೋದಾಗ ಷಡ್ಡಕ ಮಂಡಿಯಲ್ಲಿದ್ದ, ನನ್ನವಳು ಅಡುಗೆಮನೆಯಲ್ಲಿ. ಸದ್ದಿಲ್ಲದೆ ಕನ್ನಡಿಯನ್ನು ಗೋಡೆಗೆ ತಿರುಗಿಸಿದೆ. ಆಹಾ, ಎಂಥ ನೆಮ್ಮದಿ!

"ಭಾವಾ, ಸಮುದ್ರ ಎಲ್ಲೋಯ್ತು?"

ಒಳಕೋಣೆಯಿಂದ ನಾದಿನಿ. ಹೋಗಿ ನೋಡಿದೆ. ಅವಳ ದಿಂಬಿನಿಂದ ಬಾಗಿಲಾಚೆ ಕಾಣುವುದು ಆ ಕನ್ನಡಿಯೊಂದೇ. ಚಿತ್ರವನ್ನು ಹಾಸಿಗೆಯ ಪಕ್ಕದಲ್ಲೇ ಹಾಕಬಹುದಿತ್ತಲ್ಲಮ್ಮ ಎಂದೆ.

"ಹತ್ರ ಇದ್ರೆ ಬರೀ ಗೀಚು, ಭಾವ. ದೂರದಿಂದ್ಲೇ ನೀರು ಅಲ್ಲಾಡೋದು. ಮದ್ವೆ ಆದಾಗ್ಲಿಂದ ಸಮುದ್ರ ತೋರ್ಸಿ ಅಂತಿದ್ದೆ. ಎಡ ಬಲದ ಕತೆಯೆಲ್ಲ ಬಂದೋರಿಗೆ. ನನ್ನ ನೋಡಿ ಅಯ್ಯೋ ಅನ್ನೋದು ಬೇಡ, ಚರ್ಚು ನೋಡ್ಲಿ ಅಂತ."

ಹೊರಗೆ ಬಂದು ಕನ್ನಡಿ ತಿರುಗಿಸಿದೆ. ಮೊದಲಿನ ಓರೆ ಎಷ್ಟಿತ್ತೋ! ಆಚೆ ಸರಿಸಿದೆ, ಈಚೆ ಸರಿಸಿದೆ.

"ಕಾಣ್ತಾ?" ಎಂದೆ, ಥೇಟ್ ಷಡ್ಡಕನಂತೆ.

"ನೀವೇ ಕಾಣ್ತಿದೀರ, ಭಾವ. ಸ್ವಲ್ಪ ಸರೀರಿ."

ಸರಿದೆ.

"ದೋಣಿ ಬಂತು," ಎಂದಳು.